ಕಂಪನಿ ಕೈಬಿಟ್ಟ ಕ್ಯಾಮೆರಾ, ನಮಗೆ ತೆರೆದ ಬಾಗಿಲು

ಜಗತ್ತಿನ ದೊಡ್ಡ ಕ್ಯಾಮೆರಾ ಕಂಪನಿಗಳು ಬಹುತೇಕ ಜಪಾನಿನವು. ವರ್ಷಕ್ಕೆ ಎಷ್ಟು ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಬಿದ್ದವು ಎಂಬ ಲೆಕ್ಕವನ್ನು ಅವುಗಳ ಸಂಘಟನೆಯಾದ ‘ಸಿಪಾ’ ಪ್ರಕಟಿಸುತ್ತದೆ. ಆ ಲೆಕ್ಕದ ಪ್ರಕಾರ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋಗಿದ್ದವು. 2024ರಲ್ಲಿ ಹೋದದ್ದು ಸುಮಾರು 85 ಲಕ್ಷ. ನೂರು ಇದ್ದ ಕಡೆ ಏಳು ಉಳಿದಿದೆ. ಅದರಲ್ಲೂ ನಮ್ಮೂರಿನ ಮದುವೆ ಮನೆಗಳಲ್ಲಿ, ಕಾಲೇಜು ಫೆಸ್ಟ್‌ಗಳಲ್ಲಿ ನಾವು ನೋಡುತ್ತ ಬೆಳೆದ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಕತೆ ಇನ್ನೂ ಕಷ್ಟದ್ದು. 2012ರಲ್ಲಿ ಒಂದೂವರೆ ಕೋಟಿ ದಾಟಿದ್ದ ಅವುಗಳ ಸಂಖ್ಯೆ 2024ರಲ್ಲಿ ಸುಮಾರು 10 ಲಕ್ಷಕ್ಕೆ ಇಳಿಯಿತು. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಅದೇ ವರ್ಷ 56 ಲಕ್ಷದಷ್ಟು ಹೋದವು.

ಇದನ್ನು ಓದಿ ‘ಕ್ಯಾಮೆರಾ ಕಾಲ ಮುಗೀತು, ಫೋನ್ ಸಾಕು’ ಎನ್ನುವವರಿದ್ದಾರೆ. ಆದರೆ ನಮ್ಮ ಕ್ಯಾಂಪಸ್‌ಗಳಲ್ಲಿ ಕಾಣುತ್ತಿರುವುದು ಬೇರೆ. ‘ಯಾವ ಕ್ಯಾಮೆರಾ ತಗೊಳ್ಳಲಿ ಮಗಾ?’ ಎಂಬ ಪ್ರಶ್ನೆ ಪ್ರತಿ ಸೆಮಿಸ್ಟರ್ ಶುರುವಿನಲ್ಲೂ ಹಾಸ್ಟೆಲ್‌ನಲ್ಲಿ ಕೇಳಿಬರುತ್ತದೆ. ಹಾಗೆ ಕೇಳುವವನ ಮೊಬೈಲಿನಲ್ಲಿ ಹತ್ತು ವಿಮರ್ಶೆಯ ವಿಡಿಯೊಗಳು, ಒಂದು ‘ನೋ ಕಾಸ್ಟ್ ಇಎಂಐ’ ಜಾಹೀರಾತು ಮೊದಲೇ ಬಂದು ಕುಳಿತಿರುತ್ತವೆ.

ನಾನು ತುಮಕೂರಿನ ಅಂತರಸನಹಳ್ಳಿಯವನು. ಬಿ.ಇ. ಓದುತ್ತಿದ್ದೇನೆ, ಹವ್ಯಾಸಕ್ಕೆ ಫೋಟೊ ತೆಗೆಯುತ್ತೇನೆ. ಕ್ಯಾಮೆರಾ ಉದ್ಯಮದಲ್ಲಿ ಈಗ ಆಗುತ್ತಿರುವ ಬದಲಾವಣೆಯನ್ನು ವಿದ್ಯಾರ್ಥಿಯ ಜೇಬಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದು ಈ ಬರಹದ ವಿಷಯ. ನನ್ನ ವಾದ ಇಷ್ಟು: ಕಂಪನಿಗಳು ಅಗ್ಗದ ಕ್ಯಾಮೆರಾದ ಬಾಗಿಲನ್ನು ಮುಚ್ಚುತ್ತಿವೆ. ಆದರೆ ಅದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ಲೆಕ್ಕ ಹಾಕಿ ನಡೆದರೆ ಅದರೊಳಗೆ ಸಾಲವಿಲ್ಲದೆ ಹೋಗಬಹುದು.

ಬಾಗಿಲು ತೆರೆದಿದ್ದು, ಮುಚ್ಚಿದ್ದು

ಫಿಲ್ಮ್ ಕಾಲದಲ್ಲಿ ಛಾಯಾಗ್ರಹಣ ದುಬಾರಿ ಹವ್ಯಾಸ. ಕ್ಯಾಮೆರಾ ಕೊಂಡರೆ ಮುಗಿಯುತ್ತಿರಲಿಲ್ಲ. 36 ಫೋಟೊಗಳ ಪ್ರತಿ ರೋಲಿಗೂ ದುಡ್ಡು, ಅದನ್ನು ತೊಳೆಸಲು ದುಡ್ಡು, ಪ್ರಿಂಟಿಗೆ ದುಡ್ಡು. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯೇ ಇದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ, ಕೃಪಾಕರ–ಸೇನಾನಿ, ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಹಿಂದೆ ಬಿದ್ದಿದ್ದ ಪೂರ್ಣಚಂದ್ರ ತೇಜಸ್ವಿ, ಹೀಗೆ ಹೆಸರುಗಳು ಸಾಲಾಗಿ ನೆನಪಿಗೆ ಬರುತ್ತವೆ. ಆದರೆ ಒಂದು ಸಾಮಾನ್ಯ ಮನೆಯ ಹುಡುಗ ಅಥವಾ ಹುಡುಗಿ ಆ ಹಾದಿ ಹಿಡಿಯಬೇಕಾದರೆ ಒಂದೊಂದು ಕ್ಲಿಕ್ಕಿಗೂ ಬೆಲೆ ಕಟ್ಟಬೇಕಿತ್ತು.

ಡಿಜಿಟಲ್ ಬಂದ ಮೇಲೆ ಕ್ಲಿಕ್ ಪುಕ್ಕಟೆಯಾಯಿತು, ಆದರೆ ಕ್ಯಾಮೆರಾ ಕೈಗೆಟಕುತ್ತಿರಲಿಲ್ಲ. 2003ರಲ್ಲಿ ಕ್ಯಾನನ್ ಕಂಪನಿ ‘ಇಓಎಸ್ 300ಡಿ’ಯನ್ನು ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಗೆ ಬಿಟ್ಟಾಗ ಮೊದಲ ಬಾಗಿಲು ತೆರೆಯಿತು. ಅಲ್ಲಿಂದ ಮುಂದೆ ಕ್ಯಾನನ್ ಮತ್ತು ನಿಕಾನ್ ಎರಡೂ ಹೊಸಬರಿಗಾಗಿಯೇ ಅಗ್ಗದ ಮಾಡೆಲ್‌ಗಳನ್ನು ಒಂದರ ಮೇಲೊಂದು ತಂದವು. 2018ರಲ್ಲಿ ಬಂದ ಡಿ3500 ನಿಕಾನ್‌ನ ಅಗ್ಗದ ಸಾಲಿನ ಕೊನೆಯ ಕುಡಿ. ಅದೇ 2018ರಲ್ಲಿ ಎರಡೂ ಕಂಪನಿಗಳು ತಮ್ಮ ಹೊಸ ಮಿರರ್‌ಲೆಸ್ ವ್ಯವಸ್ಥೆಗಳನ್ನು ಆರಂಭಿಸಿದವು. 2020ರ ನಂತರ ಈ ಇಬ್ಬರಿಂದಲೂ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. 2020ರಲ್ಲಿ ಬಿಟ್ಟ ತಮ್ಮ ಅತಿ ದುಬಾರಿ ಮಾಡೆಲ್ಲೇ ಆ ದರ್ಜೆಯಲ್ಲಿ ಕೊನೆಯದು ಎಂಬ ಮಾತು 2021ರ ಕೊನೆಯಲ್ಲಿ ಕ್ಯಾನನ್ ಮುಖ್ಯಸ್ಥರ ಬಾಯಿಂದಲೇ ಬಂತು.

ಕಂಪನಿಗಳ ತರ್ಕ ಅರ್ಥವಾಗದ್ದೇನಲ್ಲ. ಹತ್ತು ಸಾವಿರ ರೂಪಾಯಿಯ ಪುಟ್ಟ ಕ್ಯಾಮೆರಾ ಮಾಡುತ್ತಿದ್ದ ಕೆಲಸವನ್ನು ಫೋನ್ ನುಂಗಿತು. ಮಾರುವ ಸಂಖ್ಯೆ ಕುಸಿದಾಗ ಕಾರ್ಖಾನೆಯ, ಸಂಶೋಧನೆಯ ಖರ್ಚನ್ನು ಉಳಿದ ಗ್ರಾಹಕರ ಮೇಲೆಯೇ ಹಾಕಬೇಕು. ಹಾಗಾಗಿ ಕಡಿಮೆ ಕ್ಯಾಮೆರಾ, ಹೆಚ್ಚು ಬೆಲೆ. 2024ರ ಫೆಬ್ರುವರಿಯಲ್ಲಿ ಫ್ಯೂಜಿಫಿಲ್ಮ್ ಬಿಟ್ಟ ‘ಎಕ್ಸ್100–6’ ಎಂಬ ಲೆನ್ಸ್ ಬದಲಾಯಿಸಲಾಗದ ಪುಟ್ಟ ಕ್ಯಾಮೆರಾ ನೋಡಿ. ನಮ್ಮ ದೇಶದಲ್ಲಿ ಅದರ ಬೆಲೆ ಒಂದೂವರೆ ಲಕ್ಷಕ್ಕೂ ಮೇಲೆ. ಆದರೂ ಜಗತ್ತಿನಾದ್ಯಂತ ಜನ ಹೆಸರು ಬರೆಸಿ ತಿಂಗಳುಗಟ್ಟಲೆ ಕಾದರು. ದುಡ್ಡಿರುವ ಹವ್ಯಾಸಿ ಸಿಗುವಾಗ ದುಡ್ಡಿಲ್ಲದ ವಿದ್ಯಾರ್ಥಿಯ ಹಿಂದೆ ಕಂಪನಿ ಏಕೆ ಬರುತ್ತದೆ?

ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. ಕ್ಯಾನನ್ ಆರ್100, ಆರ್50, ನಿಕಾನ್ ಝಡ್30, ಸೋನಿ ಝಡ್‌ವಿ–ಇ10 ಇವೆಲ್ಲ ಹೊಸಬರಿಗೆಂದೇ ಬಂದ ಮಿರರ್‌ಲೆಸ್‌ಗಳು. ಆದರೆ ಅಗ್ಗದ್ದರಲ್ಲಿ ಏನೋ ಒಂದನ್ನು ಕಿತ್ತಿರುತ್ತಾರೆ. ಆರ್100ರ ಪರದೆಯನ್ನು ಮುಟ್ಟಿದರೆ ಕೆಲಸ ಮಾಡುವುದಿಲ್ಲ, ತಿರುಗುವುದೂ ಇಲ್ಲ. ಝಡ್30ರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಇದರ ಮೇಲೆ ತೆರಿಗೆ. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯನ್ನು 2019ರ ಜನವರಿ 1ರಿಂದ ಶೇ 28ರಿಂದ ಶೇ 18ಕ್ಕೆ ಇಳಿಸಲಾಯಿತು. ಇಳಿದ ದರದಲ್ಲೂ 59 ಸಾವಿರದ ಒಂದು ಹೊಸ ಕ್ಯಾಮೆರಾ ಕೊಂಡರೆ ಅದರಲ್ಲಿ 9 ಸಾವಿರ ತೆರಿಗೆಯೇ.

ಬಿಟ್ಟು ಹೋಗುವವರಿಂದ ಬರುವವರಿಗೆ

ಈಗ ಇದರ ಇನ್ನೊಂದು ಮುಖ ನೋಡೋಣ. ಮಿರರ್‌ಲೆಸ್‌ಗೆ ಹೋಗುವ ಪ್ರತಿಯೊಬ್ಬ ವೃತ್ತಿಪರ, ಪ್ರತಿಯೊಬ್ಬ ಉಳ್ಳ ಹವ್ಯಾಸಿ ತನ್ನ ಹಳೆಯ ಡಿಎಸ್‌ಎಲ್‌ಆರ್ ಮತ್ತು ಲೆನ್ಸ್‌ಗಳನ್ನು ಮಾರುತ್ತಾನೆ. ಬೆಂಗಳೂರಿನಲ್ಲಂತೂ ಈ ಹರಿವು ನಿಂತಿಲ್ಲ. ಕೊಳ್ಳುವವರು ಕಡಿಮೆ, ಮಾರುವವರು ಹೆಚ್ಚು. ಬೆಲೆ ಇಳಿಯದೆ ವಿಧಿಯಿಲ್ಲ. ಹೊಸ ಕ್ಯಾಮೆರಾ ಅಂಗಡಿಯಿಂದ ಹೊರಬಂದ ದಿನವೇ ಕಳೆದುಕೊಳ್ಳುವ ಬೆಲೆಯನ್ನು ಮೊದಲ ಮಾಲೀಕ ಭರಿಸಿಯಾಗಿದೆ. ಇಬ್ಬರು ವ್ಯಕ್ತಿಗಳ ನಡುವಿನ ಇಂಥ ಮಾರಾಟಕ್ಕೆ ಜಿಎಸ್‌ಟಿಯೂ ಇಲ್ಲ.

ನಾನು ಹತ್ತನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಟ್ಟ ದುಡ್ಡಿನಲ್ಲಿ ಹೀಗೆಯೇ ಕೊಂಡೆ. ಮಿರರ್‌ಲೆಸ್‌ಗೆ ಹೋದ ಬೆಂಗಳೂರಿನ ಒಬ್ಬ ಹವ್ಯಾಸಿಯ ಬಳಿ ನಿಕಾನ್ ಬಾಡಿ, 18–55 ಎಂಎಂ ಲೆನ್ಸ್, ಜೊತೆಗೊಂದು 35 ಎಂಎಂ ಲೆನ್ಸ್, ಒಟ್ಟು 28 ಸಾವಿರ. ಅದೇ ಮೊತ್ತದಲ್ಲಿ ಹೊಸ ಮಿರರ್‌ಲೆಸ್ ಬಾಡಿಯ ಕಡೆ ತಿರುಗಿಯೂ ನೋಡುವಂತಿರಲಿಲ್ಲ.

ಹಳೆಯದು ಎಂದರೆ ಕೆಟ್ಟದ್ದೇ? ಇಲ್ಲಿ ಎಂಜಿನಿಯರಿಂಗ್ ಸ್ವಲ್ಪ ಬೇಕು. ಈ ಕ್ಯಾಮೆರಾಗಳ ಎಪಿಎಸ್‌–ಸಿ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ದುಬಾರಿ ಫೋನುಗಳಲ್ಲಿರುವ 1/1.3 ಇಂಚಿನ ಸೆನ್ಸರ್‌ಗಿಂತ ಇದರ ವಿಸ್ತೀರ್ಣ ಸುಮಾರು ಐದು ಪಟ್ಟು. ಫೋನ್ ತನ್ನ ಕೊರತೆಯನ್ನು ಸಾಫ್ಟ್‌ವೇರಿನಿಂದ ತುಂಬಿಕೊಳ್ಳುತ್ತದೆ, ಹಲವು ಫೋಟೊಗಳನ್ನು ಬೆರೆಸಿ ಒಂದು ಮಾಡುತ್ತದೆ. ಚೆನ್ನಾಗಿಯೇ ಮಾಡುತ್ತದೆ. ಆದರೆ ದೂರದ ಹಕ್ಕಿ, ಕತ್ತಲಲ್ಲಿ ಓಡುವ ಮನುಷ್ಯ ಎದುರಾದಾಗ ದೊಡ್ಡ ಸೆನ್ಸರ್ ಮತ್ತು ನಿಜವಾದ ಗಾಜಿಗೆ ಬದಲಿ ಇಲ್ಲ. ಏಳೆಂಟು ವರ್ಷ ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇವತ್ತಿಗೂ ದೊಡ್ಡ ಪ್ರಿಂಟ್ ಹಾಕಿಸುವಷ್ಟು ವಿವರ ಕೊಡುತ್ತದೆ. ಬ್ಯಾಟರಿಯ ವಿಷಯದಲ್ಲಿ ಹಳೆಯದೇ ಮುಂದೆ. ಒಂದೇ ಚಾರ್ಜಿಗೆ ಡಿ3500 ತೆಗೆಯುವುದು ಕಂಪನಿಯ ಲೆಕ್ಕದಲ್ಲಿ 1,550 ಫೋಟೊ, ಮಿರರ್‌ಲೆಸ್ ಝಡ್50 ತೆಗೆಯುವುದು 300ರ ಆಸುಪಾಸು.

ಕಳೆದುಕೊಳ್ಳುವುದೂ ಇದೆ. ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುವ ಆಟೋಫೋಕಸ್ ಹೊಸ ಮಿರರ್‌ಲೆಸ್‌ಗಳ ದೊಡ್ಡ ಬಲ; ಅಗ್ಗದ ಡಿಎಸ್‌ಎಲ್‌ಆರ್‌ನಲ್ಲಿ ಆ ಕೆಲಸ ನಮ್ಮ ಬೆರಳಿನದು. ವಿಡಿಯೊದಲ್ಲಿ ಹಳೆಯವು ತೀರಾ ಹಿಂದೆ. ಬಿಡಿಭಾಗಗಳು ವರ್ಷ ಕಳೆದಂತೆ ಸಿಗದೆ ಹೋಗುತ್ತವೆ. ಆದ್ದರಿಂದ ಈ ಬಾಗಿಲು ಸದಾಕಾಲ ತೆರೆದಿರುವುದಿಲ್ಲ. ಇನ್ನು ನಾಲ್ಕೈದು ವರ್ಷ ಕಲಿಯಲು, ಅಲೆಯಲು, ತಪ್ಪು ಮಾಡಿ ತಿದ್ದಿಕೊಳ್ಳಲು ಸಾಕಾದೀತು. ಓದು ಮುಗಿಸಿ ಕೆಲಸ ಹಿಡಿಯುವ ತನಕ ನಮಗೆ ಬೇಕಾದದ್ದೂ ಅಷ್ಟೇ ಅಲ್ಲವೇ?

ಬಾಡಿ ಬಾಡಿಗೆ ಮನೆ ಇದ್ದಂತೆ

ಕ್ಯಾಮೆರಾ ಬಾಡಿ ಬಾಡಿಗೆ ಮನೆ ಇದ್ದಂತೆ, ಕೆಲ ವರ್ಷಕ್ಕೆ ಬಿಟ್ಟು ಹೋಗುತ್ತೇವೆ. ಲೆನ್ಸ್ ಮಾತ್ರ ನಮ್ಮ ಜೊತೆ ಸಾಮಾನಿನಂತೆ ಬರುತ್ತದೆ. ಆದರೆ ಹೊಸ ಮನೆಯ ಬಾಗಿಲಲ್ಲಿ ಆ ಸಾಮಾನು ಹಿಡಿಸಬೇಕಲ್ಲ? ಹಿಡಿಸುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮೌಂಟ್, ಅಂದರೆ ಬಾಡಿಗೂ ಲೆನ್ಸಿಗೂ ನಡುವಿನ ಲೋಹದ ಬಳೆ. ಕ್ಯಾಮೆರಾ ಆರಿಸುವಾಗ ನಾವು ಮೆಗಾಪಿಕ್ಸೆಲ್ ಎಣಿಸುತ್ತೇವೆ, ಈ ಬಳೆಯ ಬಗ್ಗೆ ಕೇಳುವುದೇ ಇಲ್ಲ.

ನಿಕಾನ್‌ನ ‘ಎಫ್’ ಮೌಂಟ್ 1959ರದು. ಕ್ಯಾನನ್‌ನ ‘ಇಎಫ್’ 1987ರದು. ಹಾಗಾಗಿ ಹಳೆಯ ಲೆನ್ಸ್‌ಗಳ ರಾಶಿಯೇ ಇದೆ. ಆದರೆ ಬಳೆ ಹಿಡಿಸಿದ ಮಾತ್ರಕ್ಕೆ ಎಲ್ಲವೂ ಕೆಲಸ ಮಾಡುವುದಿಲ್ಲ. ನಿಕಾನ್‌ನ ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮಾಡುವ ಮೋಟಾರ್ ಇಲ್ಲ. ‘ಅಗ್ಗಕ್ಕೆ ಸಿಕ್ತು’ ಎಂದು ಹಳೆಯ ‘ಎಎಫ್–ಡಿ’ ಲೆನ್ಸ್ ತಂದು ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಡಿ7000 ಸಾಲಿನಲ್ಲಿ ಮೋಟಾರ್ ಇದೆ, ಅಲ್ಲಿ ಅದೇ ಲೆನ್ಸ್ ತಾನಾಗಿ ಫೋಕಸ್ ಮಾಡುತ್ತದೆ. ಮುಂದೊಂದು ದಿನ ನಿಕಾನ್ ಮಿರರ್‌ಲೆಸ್‌ಗೆ ಹೋದರೆ ‘ಎಎಫ್–ಎಸ್’, ‘ಎಎಫ್–ಪಿ’ ಲೆನ್ಸ್‌ಗಳು ಕಂಪನಿಯ ಅಡಾಪ್ಟರ್ ಮೂಲಕ ಆಟೋಫೋಕಸ್ ಸಮೇತ ಬರುತ್ತವೆ. ‘ಎಎಫ್–ಡಿ’ಗೆ ಅಡಾಪ್ಟರ್‌ನಲ್ಲೂ ಮೋಟಾರ್ ಇಲ್ಲ. ಕ್ಯಾನನ್‌ನಲ್ಲಿ ಇಎಫ್ ಮತ್ತು ಇಎಫ್–ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಹೊಸ ಆರ್‌ಎಫ್ ಬಾಡಿಗೆ ಸಲೀಸಾಗಿ ಹೊಂದುತ್ತವೆ.

ಹೊಸದು ಎಂದಾಕ್ಷಣ ಅದಕ್ಕೆ ಭವಿಷ್ಯವಿದೆ ಎಂದೂ ಅಲ್ಲ. ಕ್ಯಾನನ್ 2012ರಲ್ಲಿ ‘ಇಎಫ್–ಎಂ’ ಎಂಬ ಮಿರರ್‌ಲೆಸ್ ಮೌಂಟ್ ತಂದಿತು. ಎಂ50 ಕ್ಯಾಮೆರಾ ವಿಡಿಯೊ ಮಾಡುವ ಯುವಕರ ಕೈಯಲ್ಲಿ ಎಲ್ಲೆಲ್ಲೂ ಕಾಣುತ್ತಿತ್ತು. ಹತ್ತು ವರ್ಷ ದಾಟುತ್ತಿದ್ದಂತೆ ಕಂಪನಿ ಆ ಸಾಲನ್ನೇ ನಿಲ್ಲಿಸಿತು. ಇಎಫ್–ಎಂ ಲೆನ್ಸ್‌ಗಳನ್ನು ಆರ್‌ಎಫ್ ಬಾಡಿಗೆ ಹಾಕಲು ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಎಂ50 ಅಗ್ಗಕ್ಕೆ ಸಿಗುವುದು ಸುಮ್ಮನೆ ಅಲ್ಲ.

ಇನ್ನೊಂದು ಪ್ರಶ್ನೆ, ಬೇರೆ ಕಂಪನಿಯವರು ಆ ಮೌಂಟಿಗೆ ಲೆನ್ಸ್ ಮಾಡಬಹುದೇ ಎಂಬುದು. ಸೋನಿ ತನ್ನ ‘ಇ’ ಮೌಂಟಿನ ಮೂಲ ವಿವರಗಳನ್ನು 2011ರಲ್ಲೇ ಬೇರೆ ತಯಾರಕರಿಗೆ ತೆರೆದಿಟ್ಟಿತು. ಸಿಗ್ಮಾ, ಟ್ಯಾಮ್ರಾನ್‌ನಂಥವರು ಸ್ಪರ್ಧೆಗೆ ಬಂದರು, ಆಯ್ಕೆ ಬೆಳೆಯಿತು. ಕ್ಯಾನನ್ ತನ್ನ ಆರ್‌ಎಫ್ ಬಾಗಿಲನ್ನು ಬಹುಕಾಲ ಬಿಗಿಯಾಗಿ ಹಿಡಿದುಕೊಂಡು, 2024ರಲ್ಲಿ ಎಪಿಎಸ್‌–ಸಿ ಲೆನ್ಸ್‌ಗಳ ಮಟ್ಟಿಗೆ ಸಿಗ್ಮಾ ಮತ್ತು ಟ್ಯಾಮ್ರಾನ್‌ಗೆ ಅವಕಾಶ ಕೊಟ್ಟಿತು. ಹೊಸ ಮಿರರ್‌ಲೆಸ್ ಕೊಳ್ಳುವವರು ಬಾಡಿಯ ಬೆಲೆಗಿಂತ ಮೊದಲು ಆ ಮೌಂಟಿಗೆ ಹತ್ತಿಪ್ಪತ್ತು ಸಾವಿರದ ಒಳಗೆ ಎಷ್ಟು ಲೆನ್ಸ್ ಸಿಗುತ್ತವೆ ಎಂದು ನೋಡಬೇಕು.

ನಮ್ಮ ಜಿಲ್ಲೆಯೇ ಪ್ರಯೋಗಶಾಲೆ

ಯಾವ ಲೆನ್ಸ್ ಎಂಬ ಪ್ರಶ್ನೆಗೆ ಟೋಕಿಯೊದಲ್ಲಾಗಲೀ ಬೆಂಗಳೂರಿನಲ್ಲಾಗಲೀ ಕುಳಿತವರು ನಮಗೆ ಉತ್ತರ ಕೊಡಲಾರರು. ನಾವು ಏನನ್ನು, ಎಷ್ಟು ದೂರದಿಂದ, ಎಷ್ಟು ಬೆಳಕಿನಲ್ಲಿ ತೆಗೆಯುತ್ತೇವೆ ಎಂಬುದೇ ಉತ್ತರ. ತುಮಕೂರು ಜಿಲ್ಲೆಯ ನಾಲ್ಕು ಜಾಗಗಳನ್ನು ಇಟ್ಟುಕೊಂಡು ಲೆಕ್ಕ ಮಾಡೋಣ.

ಮೊದಲನೆಯದು ನಮ್ಮ ಅಂತರಸನಹಳ್ಳಿಯ ಮಾರುಕಟ್ಟೆ. ಬೆಳಗಿನ ಜಾವ ತರಕಾರಿ ಲಾರಿಗಳು, ಮೂಟೆ ಹೊರುವವರು, ಹರಾಜು ಕೂಗುವವರು. ಬೆಳಕು ಅಲ್ಲೊಂದು ಇಲ್ಲೊಂದು ಬಲ್ಬಿನದು. ಕ್ಯಾಮೆರಾ ಜೊತೆ ಬರುವ 18–55 ಲೆನ್ಸನ್ನು ಪೂರ್ತಿ ಉದ್ದಕ್ಕೆ ಎಳೆದರೆ ಅದರ ಅಪರ್ಚರ್ ಎಫ್/5.6. ಎಫ್/1.8 ಇರುವ 35 ಅಥವಾ 50 ಎಂಎಂ ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಈ ಸಂಖ್ಯೆ ಬರುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮಸುಕಾಗುತ್ತಿದ್ದ ಹಮಾಲಿಯ ಚಿತ್ರ ನೂರನೇ ಒಂದು ಭಾಗದಲ್ಲಿ ನಿಚ್ಚಳವಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಜ್ ಆಗಿರುವುದರಿಂದ ಶಟರ್ 1/50 ಅಥವಾ 1/100ರಲ್ಲಿದ್ದರೆ ಟ್ಯೂಬ್‌ಲೈಟಿನ ಮಿಣುಕು ಪಟ್ಟೆಯಾಗಿ ಬೀಳುವುದೂ ತಪ್ಪುತ್ತದೆ. ಇಂಥ ಒಂದು ಲೆನ್ಸ್ ಹೊಸದಾಗಿ ಕೊಂಡರೂ ಸಾಧಾರಣ ಫೋನಿನ ಬೆಲೆ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆಗೂ ಇದೇ ಸಾಕು.

ಎರಡನೆಯದು ಸಿರಾ ತಾಲ್ಲೂಕಿನ ಕಗ್ಗಲಡು. ಊರೊಳಗಿನ ಹುಣಸೆ ಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಕ್ಕಿ ಸುಮಾರು ಒಂದು ಮೀಟರ್ ಎತ್ತರ. 20 ಮೀಟರ್ ದೂರದಿಂದ 250 ಎಂಎಂ ಲೆನ್ಸಿನಲ್ಲಿ ಚಿತ್ರದೊಳಗೆ ಹಿಡಿಯುವ ಎತ್ತರ 1.25 ಮೀಟರ್. ಅಂದರೆ ಒಂದು ಕೊಕ್ಕರೆ ಚೌಕಟ್ಟು ತುಂಬುತ್ತದೆ. ಲಕ್ಷ ರೂಪಾಯಿಯ ಲೆನ್ಸ್ ಇಲ್ಲಿ ಬೇಕಿಲ್ಲ, ಎಲ್ಲರೂ ಮಾರಿಕೊಳ್ಳುವ 55–250 ಅಥವಾ 70–300 ಸಾಕು.

ಮೂರನೆಯದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶವೆಂದು ಘೋಷಣೆಯಾದ ಹುಲ್ಲುಗಾವಲು ಇದು. ಬಟಾಬಯಲು; ನಾವು ಅದನ್ನು ನೋಡುವ ಮೊದಲೇ ಅದು ನಮ್ಮನ್ನು ನೋಡಿರುತ್ತದೆ. ನೂರು ಮೀಟರ್ ದೂರ ಎಂದಿಟ್ಟುಕೊಳ್ಳಿ, ಪ್ರಾಣಿಯ ಉದ್ದ 1.2 ಮೀಟರ್ ಎಂದಿಟ್ಟುಕೊಳ್ಳಿ. ಸೆನ್ಸರ್ ಅಗಲವನ್ನು ದೂರದಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಚಿತ್ರ ಎಷ್ಟು ಅಗಲ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. 55 ಎಂಎಂನಲ್ಲಿ ಸುಮಾರು 43 ಮೀಟರ್. ಕೃಷ್ಣಮೃಗ ಚಿತ್ರದ ಶೇ 3ರಷ್ಟೂ ಇಲ್ಲ, ಒಂದು ಚುಕ್ಕೆ. 300ರಲ್ಲಿ ಶೇ 15. 600ರಲ್ಲಿ ಶೇ 30. ದೊಡ್ಡ ಟೆಲಿ ಲೆನ್ಸಿಗೆ ನಿಜವಾದ ಬೆಲೆ ಸಿಗುವುದು ಇಲ್ಲಿ. ಆದರೆ ವರ್ಷಕ್ಕೆ ಮೂರು ಬಾರಿ ಹೋಗುವ ಜಾಗಕ್ಕಾಗಿ ಅದನ್ನು ಕೊಳ್ಳಬೇಕೇ? ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಇಲ್ಲವೇ 300ರಲ್ಲೇ ತೆಗೆದು, ಪ್ರಾಣಿಯ ಜೊತೆ ಹುಲ್ಲನ್ನೂ ಆಕಾಶವನ್ನೂ ಸೇರಿಸಿಕೊಳ್ಳಬಹುದು. ಲೆನ್ಸ್ ಸಾಲದೆಂದು ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದಂತೂ ಕೂಡದು.

ನಾಲ್ಕನೆಯದು ದೇವರಾಯನದುರ್ಗ. ಬೆಟ್ಟದ ಮೇಲಿನ ಮಂಜು, ಬಂಡೆ, ಸೂರ್ಯೋದಯ. ಎಫ್/8ರಲ್ಲಿ, ಟ್ರೈಪಾಡ್ ಮೇಲೆ ತೆಗೆದ ಚಿತ್ರದಲ್ಲಿ 18–55ಕ್ಕೂ ಅದರ ಹತ್ತು ಪಟ್ಟು ಬೆಲೆಯ ಲೆನ್ಸಿಗೂ ಇರುವ ವ್ಯತ್ಯಾಸ ಮೊಬೈಲ್ ಪರದೆಯಲ್ಲಿ ನೋಡುವವರಿಗೆ ಕಾಣುವುದೇ ಇಲ್ಲ. ಇಲ್ಲಿ ದುಡ್ಡು ಹಾಕಬೇಕಾದದ್ದು ಟ್ರೈಪಾಡಿಗೆ ಮತ್ತು ಬೆಳಗ್ಗೆ ನಾಲ್ಕಕ್ಕೆ ಏಳಿಸುವ ಅಲಾರಾಂಗೆ!

ನಾನು ನನ್ನ ಮೊದಲ ಆರು ತಿಂಗಳ ಫೋಟೊಗಳ ಒಳಗಿನ ಎಕ್ಸಿಫ್ ಮಾಹಿತಿಯನ್ನು ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಎಣಿಸಿದೆ. ಅರ್ಧಕ್ಕೂ ಹೆಚ್ಚು ಚಿತ್ರಗಳು 30ರಿಂದ 40 ಎಂಎಂ ನಡುವೆಯೇ ಇದ್ದವು. ಟೆಲಿ ಲೆನ್ಸಿನ ಕನಸು ಅಲ್ಲಿಗೆ ಸ್ವಲ್ಪ ತಣ್ಣಗಾಯಿತು. ಎರಡನೇ ಲೆನ್ಸ್ ಕೊಳ್ಳಬೇಕೆನ್ನುವವರು ಮೊದಲು ಹೀಗೆ ತಮ್ಮದೇ ಫೋಟೊಗಳನ್ನು ಎಣಿಸಿ ನೋಡುವುದು ಒಳ್ಳೆಯದು.

ಇಎಂಐಗೆ ಆಷಾಢವಿಲ್ಲ

‘ಕ್ಯಾಮೆರಾ ತಗೊಂಡ್ರೆ ಮದುವೆ ಆರ್ಡರ್ ಸಿಗುತ್ತೆ, ಅದರಲ್ಲೇ ಕಂತು ಕಟ್ಟಬಹುದು’ ಎಂಬ ಮಾತು ನಮ್ಮ ವಯಸ್ಸಿನವರಲ್ಲಿ ಬಹಳ ಓಡಾಡುತ್ತದೆ. 72 ಸಾವಿರದ ಮಿರರ್‌ಲೆಸ್ ಕಿಟ್, 12 ತಿಂಗಳ ಕಂತು, ತಿಂಗಳಿಗೆ 6 ಸಾವಿರ ಎಂದುಕೊಳ್ಳೋಣ. ಆಷಾಢದಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ವರ್ಷದಲ್ಲಿ ಎರಡೂವರೆ ತಿಂಗಳು ಹೀಗೆಯೇ ಹೋಯಿತು. ಮುಹೂರ್ತ ಸಾಲುಗಟ್ಟಿ ಬರುವ ತಿಂಗಳುಗಳಲ್ಲೇ ನಮಗೆ ಇಂಟರ್ನಲ್ಸ್ ಇರುತ್ತವೆ. ಹೊಸಬನಿಗೆ ಮದುವೆಯ ಪೂರ್ತಿ ಹೊಣೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು; ತಾಳಿ ಕಟ್ಟುವ ಗಳಿಗೆ ಎರಡನೇ ಸಲ ಬರುವುದಿಲ್ಲ. ದೊಡ್ಡ ಫೋಟೊಗ್ರಾಫರ್ ಜೊತೆ ಸಹಾಯಕನಾಗಿ ಹೋದರೆ ದಿನದ ಕೂಲಿ. ಕಂತಿನ ದಿನಾಂಕ ಮಾತ್ರ ಪಂಚಾಂಗ ನೋಡುವುದಿಲ್ಲ.

‘ನೋ ಕಾಸ್ಟ್’ ಎಂಬುದೂ ಪೂರ್ತಿ ನಿಜವಲ್ಲ. ಕ್ರೆಡಿಟ್ ಕಾರ್ಡಿನ ಇಂಥ ಕಂತುಗಳಲ್ಲಿ ಬಡ್ಡಿಯನ್ನು ರಿಯಾಯಿತಿಯಾಗಿ ತೋರಿಸಿ ಕಳೆದರೂ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಸಾಮಾನ್ಯವಾಗಿ ನಮ್ಮ ಲೆಕ್ಕಕ್ಕೇ ಬರುತ್ತದೆ, ಹಲವೆಡೆ ಪ್ರೊಸೆಸಿಂಗ್ ಶುಲ್ಕವೂ ಸೇರುತ್ತದೆ. ಅದಕ್ಕಿಂತ ದೊಡ್ಡದು ಕಂತು ತಪ್ಪಿದಾಗಿನ ಕತೆ. ನನ್ನ ಪರಿಚಯದ ಕುಣಿಗಲ್ ಕಡೆಯ ಹುಡುಗನೊಬ್ಬ ಅಣ್ಣನ ಹೆಸರಿನಲ್ಲಿ ಕಂತು ಹಾಕಿಸಿ ಕ್ಯಾಮೆರಾ ತಂದ. ಮೂರು ಕಂತು ತಪ್ಪಿತು. ಅಣ್ಣ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವನು. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅಧಿಸೂಚನೆಗಳಲ್ಲಿ ಈಗ ಅಭ್ಯರ್ಥಿಯ ಸಾಲ ಮರುಪಾವತಿಯ ಇತಿಹಾಸದ ಬಗ್ಗೆಯೂ ಷರತ್ತು ಇರುತ್ತದೆ. ಕೊನೆಗೆ ಮನೆಯಲ್ಲಿ ಎರಡು ಕುರಿ ಮಾರಿ ಬಾಕಿ ತೀರಿಸಿದರು. ಕ್ಯಾಮೆರಾ ಈಗ ಬೀರುವಿನಲ್ಲಿದೆ. ಅದನ್ನು ಹೊರಗೆ ತೆಗೆದರೆ ಮನೆಯಲ್ಲಿ ಯಾರಾದರೊಬ್ಬರು ನಿಟ್ಟುಸಿರು ಬಿಡುತ್ತಾರಂತೆ. ಉದ್ಯೋಗ ಹುಡುಕುತ್ತಿರುವವರಿರುವ ಮನೆಯಲ್ಲಿ ಹವ್ಯಾಸದ ಸಾಲ ಒಬ್ಬರದಾಗಿ ಉಳಿಯುವುದಿಲ್ಲ.

ಇದಕ್ಕೊಂದು ಪ್ರತಿವಾದ ಇದೆ, ನ್ಯಾಯವಾದದ್ದೇ. ವಿಡಿಯೊವನ್ನೇ ವೃತ್ತಿ ಮಾಡಿಕೊಳ್ಳಲು ತೀರ್ಮಾನಿಸಿದವರಿಗೆ, ಈಗಾಗಲೇ ಕೈಯಲ್ಲಿ ಕೆಲಸ ಇರುವವರಿಗೆ ಹಳೆಯ ಡಿಎಸ್‌ಎಲ್‌ಆರ್ ಅಡ್ಡಿಯಾಗುತ್ತದೆ. ಇವತ್ತಿನ ಮದುವೆ ಮನೆ ರೀಲ್ಸ್ ಕೇಳುತ್ತದೆ, ಅಲ್ಲಿ ಮಿರರ್‌ಲೆಸ್ ಬೇಕು. ಅಂಥವರೂ ಮೊದಲ ಐದಾರು ಕೆಲಸಗಳನ್ನು ಬಾಡಿಗೆ ಕ್ಯಾಮೆರಾದಲ್ಲಿ ಮಾಡಿ, ಬಂದ ದುಡ್ಡು ಬಾಡಿಗೆ ಕಳೆದು ಎಷ್ಟು ಉಳಿಯಿತು ಎಂದು ಬರೆದಿಟ್ಟುಕೊಳ್ಳಲಿ. ಉಳಿದರೆ ಕೊಳ್ಳಲಿ. ಆಗ ಅದು ಹವ್ಯಾಸದ ಸಾಲವಲ್ಲ, ದುಡಿಮೆಯ ಬಂಡವಾಳ.

ಹಳೆಯದನ್ನು ನೋಡಿ ಕೊಳ್ಳುವುದು

ಸೆಕೆಂಡ್ ಹ್ಯಾಂಡ್ ಎಂದ ಮೇಲೆ ಎಚ್ಚರ ಬೇಕು. ಫೋಟೊ ನೋಡಿ ಮುಂಗಡ ಕಳಿಸಬೇಡಿ, ಎದುರಿಗೆ ಕುಳಿತು ನೋಡಿ. ಮೂಲ ಬಿಲ್ ಕೇಳಿ, ಅದರಲ್ಲಿನ ಸೀರಿಯಲ್ ನಂಬರ್ ಬಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಕಳವಿನ ಮಾಲು ಅಗ್ಗಕ್ಕೇ ಸಿಗುತ್ತದೆ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ ನಿಕಾನ್‌ನಲ್ಲಿ ಫೋಟೊ ಫೈಲಿನ ಒಳಗೇ ಇರುತ್ತದೆ. ಹೊಸಬರ ಕ್ಯಾಮೆರಾಗಳ ಶಟರ್ ಆಯಸ್ಸು ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸು ಎಂದಿಟ್ಟುಕೊಂಡರೆ 20 ಸಾವಿರ ಬಡಿದದ್ದಕ್ಕೂ 90 ಸಾವಿರ ಬಡಿದದ್ದಕ್ಕೂ ಒಂದೇ ಬೆಲೆ ಕೊಡಬಾರದು. ಲೆನ್ಸಿನ ಒಂದು ಬದಿಯಿಂದ ಫೋನಿನ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದರೆ ಸೆನ್ಸರ್ ಮೇಲಿನ ಕೊಳೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಹೊಸದು ಕೊಳ್ಳುವವರು ಭಾರತದ ವಾರಂಟಿ ಕಾರ್ಡ್ ಇದೆಯೇ ಎಂದು ನೋಡಬೇಕು. ಬಿಲ್ಲಿಲ್ಲದ ‘ಇಂಪೋರ್ಟೆಡ್ ಪೀಸ್’ ಕೆಟ್ಟರೆ ದುರಸ್ತಿ ಖರ್ಚು ಸಾಮಾನ್ಯವಾಗಿ ನಮ್ಮದೇ.

ಒಬ್ಬೊಬ್ಬರಿಗೆ ಒಂದೊಂದೇಕೆ?

ಕೊನೆಯದಾಗಿ, ಇಷ್ಟೆಲ್ಲ ಲೆಕ್ಕವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬನೇ ಏಕೆ ಮಾಡಬೇಕು? ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಸಿಲೋಸ್ಕೋಪನ್ನು ಯಾರೂ ಮನೆಗೆ ಕೊಂಡು ತರುವುದಿಲ್ಲ; ಲ್ಯಾಬಿನಲ್ಲಿ ಇರುತ್ತದೆ, ರಿಜಿಸ್ಟರಿನಲ್ಲಿ ಸಹಿ ಮಾಡಿ ಬಳಸುತ್ತೇವೆ. ಲೆನ್ಸಿಗೂ ಹಾಗೆಯೇ ಏಕಿರಬಾರದು? ಫೋಟೊಗ್ರಫಿ ಕ್ಲಬ್ ಇರುವ ಕಾಲೇಜುಗಳು ಒಂದೇ ಮೌಂಟನ್ನು ಆರಿಸಿಕೊಂಡು, ಒಂದು ಟೆಲಿ, ಒಂದು ಮ್ಯಾಕ್ರೊ, ಒಂದು ಒಳ್ಳೆಯ ಟ್ರೈಪಾಡನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡಬಹುದು. ಒಂದು ಫೆಸ್ಟಿನ ಫ್ಲೆಕ್ಸ್ ಮತ್ತು ಪಟಾಕಿಯ ಖರ್ಚಿನಲ್ಲಿ ಇದು ಆಗುತ್ತದೆ. ಮಿರರ್‌ಲೆಸ್‌ಗೆ ಹೋಗುತ್ತಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಬೀರುವಿನಲ್ಲಿ ಮಲಗಿರುವ ಡಿಎಸ್‌ಎಲ್‌ಆರ್ ಅನ್ನು ಕಾಲೇಜಿಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಕಂಪನಿಗಳು ತಮ್ಮ ಲಾಭ ನೋಡಿಕೊಂಡು ಹೊಸ ಹಾದಿ ಹಿಡಿದಿವೆ, ಅದು ಅವರ ಕೆಲಸ. ಅವರು ಬಿಟ್ಟುಹೋದ ಗಾಜು ಮತ್ತು ಲೋಹ ಇನ್ನೂ ಕೆಲವು ವರ್ಷ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಕಗ್ಗಲಡುವಿನ ಕೊಕ್ಕರೆಗೆ ನಮ್ಮ ಕ್ಯಾಮೆರಾ ಯಾವ ವರ್ಷದ್ದು ಎಂದು ಗೊತ್ತಿಲ್ಲ. ಸಾಲವಿಲ್ಲದ ಕ್ಯಾಮೆರಾ ಹಿಡಿದವನು ನೂರು ಫೋಟೊ ಕೆಟ್ಟರೂ ನಗುತ್ತಲೇ ನೂರಾ ಒಂದನೆಯದನ್ನು ತೆಗೆಯುತ್ತಾನೆ. ಕಂತಿನ ಕ್ಯಾಮೆರಾ ಹಿಡಿದವನು ಪ್ರತಿ ಫೋಟೊಗೂ ಬೆಲೆ ಕಟ್ಟುತ್ತಾನೆ. ಫಿಲ್ಮ್ ಕಾಲದ ಆ ಭಾರವನ್ನು ಡಿಜಿಟಲ್ ಕಾಲದಲ್ಲಿ ನಾವಾಗಿಯೇ ಹೊತ್ತುಕೊಳ್ಳುವುದು ಬೇಡ.